ದೊಡ್ಡಮುನಿಯಮ್ಮ ಹೆಂಡಕ್ಕೆ ರಜ ಕೊಟ್ಟದ್ದು

ಸೂಲಗಿತ್ತಿ ದೊಡ್ಡಮುನಿಯಮ್ಮ ಹೆರಿಗೆ ಮಾಡಿಸಲು ಒಂದು ಮನೆಗೆ ಬಂದಳೆಂದರೆ ಮೊದಲು ಒಳಗೆ ಬರುತ್ತಿದ್ದದ್ದು ಅವಳ ಬಾಯಿ, ಅದರ ಹಿಂದೆ ಈಚಲು ಹೆಂಡದ ಘಮಲು, ಕೊನೆಗೆ ಅವಳು. ಹೊಸಿಲು ದಾಟುವ ಮೊದಲೇ, "ಯಾವಳೇ ಅವಳು ಹಂಗೆ ಕಿರುಚೋಳು? ನಿಮ್ಮಮ್ಮ ನಿನ್ನ ಹೆರುವಾಗ ಇಷ್ಟು ಗಲಾಟೆ ಮಾಡ್ಲಿಲ್ಲ ಕಣೇ, ನಾನೇ ಇದ್ದೆ!" ಎಂದು ಕೂಗುತ್ತಿದ್ದಳು. ನೋವು ತಿನ್ನುತ್ತಿದ್ದ ಹುಡುಗಿಗೆ ಆ ದನಿ ಕೇಳಿದರೆ ಅರ್ಧ ಧೈರ್ಯ ಬರುತ್ತಿತ್ತು. ಶ್ರೀನಿವಾಸಪುರದ ಸುತ್ತಲ ಹಳ್ಳಿಗಳಲ್ಲಿ ಮೂವತ್ತರೊಳಗಿನವರು ಬಹುಪಾಲು ಅವಳ ಕೈಗೇ ಬಿದ್ದವರು. ಮೀಸೆ ತಿರುವುವ ಗಂಡಸರನ್ನೂ ಅವಳು ಸಂತೆಯ ನಡುವೆ ನಿಲ್ಲಿಸಿ, "ಏನ್ಲಾ, ಕಾಲು ಮುಂದಾಗಿ ಬಂದೋನೇ, ಈಗಾದ್ರೂ ನೆಟ್ಟಗೆ ನಡೀತಿದ್ದೀಯಾ?" ಎಂದು ವಿಚಾರಿಸುವಳು. ಅವರು ಮೀಸೆಯ ಕೈ ಇಳಿಸಿಕೊಂಡು, "ಹೂನಮ್ಮ" ಎಂದು ಮುಂದೆ ಹೋಗುವರು.

ಪೇಟೆಯ ಬೆನ್ನಿಗೆ ಮಾವಿನ ತೋಪುಗಳು ಶುರುವಾಗುವ ಕಡೆ ಅವಳ ಮನೆ. ಗಂಡ ಬಹಳ ಹಿಂದೆಯೇ ಪ್ಲೇಗಿನಲ್ಲಿ ಹೋಗಿದ್ದ. ಒಬ್ಬಳೇ ಮಗಳು ಶಾಮಲಮ್ಮನನ್ನು ಮುಳಬಾಗಿಲಿನ ಮೇಷ್ಟರೊಬ್ಬರಿಗೆ ಕೊಟ್ಟಾಗಿತ್ತು. ಆಮೇಲೆ ಆ ಮನೆಯಲ್ಲಿ ಉಳಿದದ್ದು ಅವಳು, ಒಂದಷ್ಟು ಕೋಳಿ, ಮತ್ತೆ ಉದ್ದನೆಯ ಸಾಯಂಕಾಲ. ಕೋಳಿಗಳನ್ನು ಬುಟ್ಟಿ ಮುಚ್ಚಿ ಮಲಗಿಸಬಹುದು, ಸಾಯಂಕಾಲವನ್ನು ಏನು ಮಾಡುವುದು? ಅದನ್ನು ಅವಳು ಗಂಗುಲಪ್ಪನ ಈಚಲುವನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಗಂಗುಲಪ್ಪ ಹೆಂಡ ಇಳಿಸುವವನು. ಗಂಡಸರೆಲ್ಲ ಒಂದು ಕಡೆ ಕುಕ್ಕರಗಾಲಲ್ಲಿ ಕೂತರೆ ದೊಡ್ಡಮುನಿಯಮ್ಮನಿಗೆ ಅಂತಲೇ ಒಂದು ಚಪ್ಪಡಿ ಕಲ್ಲು ಇತ್ತು. ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಒಂದು ಕುಡಿಕೆ ಒಳಗೆ ಹೋದರೆ ಮಾತು, ಎರಡಕ್ಕೆ ಸೋಬಾನೆ ಹಾಡು, ಮೂರಕ್ಕೆ ಊರವರ ಹುಟ್ಟಿನ ಗುಟ್ಟುಗಳು. ಮೂರನೆಯ ಕುಡಿಕೆಗೆ ಗಂಗುಲಪ್ಪ ಹೆಂಡದ ಜೊತೆ ಒಂದಿಷ್ಟು ನೀರು ಬೆರೆಸುತ್ತಿದ್ದ. ಲಾಭಕ್ಕಲ್ಲ, ಅವನ ಹುಟ್ಟಿನದೂ ಒಂದು ಗುಟ್ಟು ಇತ್ತು.

ಸಾವಿರದ ಒಂಬೈನೂರ ಮೂವತ್ತೇಳರ ಮಾವಿನ ಸುಗ್ಗಿಯಲ್ಲಿ ಒಂದು ಸಂಜೆ, ಅವಳು ಇನ್ನೇನು ಮೂರನೆಯದನ್ನು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದಾಗ, ಗಾಡಿ ಹೊಡೆಯುವ ಆಂಜಿನಪ್ಪ ಎತ್ತುಗಳನ್ನು ಓಡಿಸಿಕೊಂಡು ಬಂದ. ಚನ್ನರಾಯಪ್ಪನವರ ಸೊಸೆಗೆ ನೋವು ಕಾಣಿಸಿಕೊಂಡಿತ್ತು. ಚನ್ನರಾಯಪ್ಪ ಅಂದರೆ ಆ ಕಡೆಯ ದೊಡ್ಡ ತೋಪುಗಳೆಲ್ಲ ಅವರವೇ. ಮಗನಿಗೆ ಸಾಲಾಗಿ ಹೆಣ್ಣುಮಕ್ಕಳಾಗಿ, ಈ ಸಲವಾದರೂ ಮೊಮ್ಮಗ ಬರಲೆಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು.

ಹೆರಿಗೆ ಸುಲಭದ್ದಾಗಿರಲಿಲ್ಲ. ಮಗುವಿನ ಕತ್ತಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತು. ದೊಡ್ಡಮುನಿಯಮ್ಮ ಅದನ್ನು ಬೆರಳಲ್ಲಿ ಹಿಡಿದು, ಹೂವಿನ ದಂಡೆ ತೆಗೆದ ಹಾಗೆ ತಲೆಯ ಮೇಲಿಂದ ಜಾರಿಸಿ, ಮಗುವನ್ನು ಈಚೆಗೆ ತಂದಳು. ಅಷ್ಟರ ಮಟ್ಟಿಗೆ ಮೂರು ಕುಡಿಕೆಯೂ ಅವಳ ಕೈಯನ್ನು ಕೆಡಿಸಿರಲಿಲ್ಲ. ಕೆಡಿಸಿದ್ದು ಕಣ್ಣನ್ನು. ಮಗು ಅತ್ತ ಕೂಡಲೇ ಹೊರಗಿನಿಂದ ಚನ್ನರಾಯಪ್ಪನವರು, "ಏನು ಮಗೂನಮ್ಮಾ?" ಎಂದು ಕೂಗಿದರು. ಅವಳು ದೀಪದ ಕಡೆಗೆ ಮಗುವನ್ನೆತ್ತಿ ನೋಡಿ, "ಗಂಡು! ಗಂಡು ಕಣ್ರಪ್ಪೋ!" ಎಂದಳು.

ಆಮೇಲೆ ನಡೆದದ್ದನ್ನು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಯಾರೋ ಕಂಚಿನ ತಟ್ಟೆ ಬಾರಿಸಿದರು. ಸಕ್ಕರೆ ಮೂಟೆಯ ಬಾಯಿ ಬಿಚ್ಚಿತು. ತಮಟೆಯವರು ಬಂದರು. ಚನ್ನರಾಯಪ್ಪನವರು ಶಲ್ಯ ತಲೆಗೆ ಸುತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ಕುಣಿದೇಬಿಟ್ಟರು. ಬೆಳಿಗ್ಗೆ ಮಗುವಿಗೆ ನೀರು ಹಾಕಲು ಕೂತ ಅಜ್ಜಿ, "ಅಯ್ಯೋ ದೇವುಡಾ!" ಎಂದು ಚೀರಿದಾಗ ಊರಿನ ಬಾಯಲ್ಲಿ ಇನ್ನೂ ಸಕ್ಕರೆ ಇತ್ತು.

ದೊಡ್ಡಮುನಿಯಮ್ಮನನ್ನು ಕರೆಸಿದರು. ತಲೆ ಭಾರ, ಕಣ್ಣು ಕೆಂಪು, ಸೆರಗು ಹೊದ್ದು ಬಂದು ನಿಂತಳು.

"ನಾನು ಸುಳ್ಳು ಹೇಳ್ಲಿಲ್ಲ ಸ್ವಾಮಿ," ಅಂದಳು. "ಕಂಡದ್ದನ್ನೇ ಹೇಳಿದೆ."

"ಏನು ಕಂಡೆ?"

"ಹೊಕ್ಕಳಬಳ್ಳಿ."

ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದರು. ಚನ್ನರಾಯಪ್ಪನವರಿಗೆ ಸಿಟ್ಟಾಗಬೇಕೋ ನಗಬೇಕೋ ತಿಳಿಯಲಿಲ್ಲ. "ತಾಯಿ ಮಗು ಎರಡೂ ಉಳಿದವೆ, ಅದಕ್ಕೆ ನಿನಗೇನೂ ಅನ್ನಲ್ಲ. ಆದ್ರೆ ಊರಿಗೆಲ್ಲ ಸಕ್ಕರೆ ಹಂಚಿಬಿಟ್ಟೆನಲ್ಲೇ! ಯಾವ ಮುಖ ಇಟ್ಕೊಂಡು ಪೇಟೆಗೆ ಹೋಗ್ಲಿ?" ಎಂದರು. ಮಗುವಿಗೆ ಮುತ್ಯಾಲಮ್ಮ ಎಂದು ಹೆಸರಿಟ್ಟರು. ಊರು ಮಾತ್ರ ಅದನ್ನು ಮುತ್ಯಾಲಪ್ಪ ಎಂದೇ ಕರೆಯಿತು.

ನಗೆಯಿಂದ ದೊಡ್ಡಮುನಿಯಮ್ಮನಿಗೆ ಅಷ್ಟೇನೂ ನೋವಾಗಲಿಲ್ಲ. ಊರನ್ನು ಜೀವಮಾನವಿಡೀ ನಗಿಸಿದವಳು ಅವಳು. ತನ್ನ ಮೇಲಾದರೂ ನಗಲಿ ಎಂದುಕೊಂಡು ತಾನೂ ನಕ್ಕಳು. ನೋವಾದದ್ದು ಆಷಾಢದಲ್ಲಿ, ಮಗಳು ಬಂದಾಗ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು. ಸೀಮಂತ ಮುಗಿಸಿಕೊಂಡು, ಏಳು ತಿಂಗಳ ಬಸುರಿನಲ್ಲಿ, ಕೈತುಂಬ ಹಸಿರು ಬಳೆ ತೊಟ್ಟು ಶಾಮಲಮ್ಮ ಗಾಡಿಯಿಂದಿಳಿದಳು. ಟ್ರಂಕನ್ನು ಗೋಡೆಗೆ ಒರಗಿಸಿ, ನೀರು ಕೂಡ ಕುಡಿಯದೆ, "ಅಮ್ಮಾ, ಹೆರಿಗೆಗೆ ನಾನು ಕೋಲಾರದ ಆಸ್ಪತ್ರೆಗೆ ಹೋಗ್ತೀನಿ," ಅಂದಳು.

ಮಾವಿನಹಣ್ಣಿನ ಜೊತೆ ಆಂಜಿನಪ್ಪನ ಗಾಡಿ ಆ ಕಥೆಯನ್ನೂ ಮುಳಬಾಗಿಲಿಗೆ ಮುಟ್ಟಿಸಿತ್ತು.

"ಊರವರಿಗೆಲ್ಲ ನಾನು, ನನ್ನ ಮಗಳಿಗೆ ಮಾತ್ರ ಆಸ್ಪತ್ರೇನಾ? ಯಾಕೇ?"

"ನನ್ನ ಮಗೂನ ಹಿಡಿಯೋ ಕೈ ನಡುಗಬಾರದು."

"ನನ್ನ ಕೈ ನಡುಗುತ್ತಾ? ನೋಡು!" ದೊಡ್ಡಮುನಿಯಮ್ಮ ಎರಡೂ ಕೈ ಮುಂದೆ ಚಾಚಿದಳು. ಕಲ್ಲಿನ ಹಾಗೆ ನಿಂತಿದ್ದವು.

"ಈಗ ನಡುಗಲ್ಲ, ಒಂದು ಕುಡಿಕೆ ಹಾಕಿದ್ದೀಯ. ಬೆಳಿಗ್ಗೆ ನಡುಗುತ್ತೆ. ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೀನಿ. ನನಗೆ ಜಡೆ ಹಾಕೋವಾಗ ನಡುಗ್ತಿತ್ತು."

ದೊಡ್ಡಮುನಿಯಮ್ಮ ಚಾಚಿದ್ದ ಕೈಗಳನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡಳು.

"ಬಿಟ್ಟುಬಿಡು ಅಂತೀಯೇನೇ?"

"ಬಿಡು ಅಂತ ಯಾಕೆ ಹೇಳ್ಲಿ, ನೀನು ಬಿಡೋಳಲ್ಲ. ಮಗು ಬರೋವರೆಗೆ ಅದಕ್ಕೆ ರಜ ಕೊಡು, ಆಸ್ಪತ್ರೆಗೆ ಹೋಗಲ್ಲ. ನಿನ್ನ ಅಳಿಯನ ಸ್ಕೂಲಲ್ಲಿ ಕೊಡಲ್ವಾ, ಹಂಗೆ."

ರಜ ಎಂಬ ಮಾತು ದೊಡ್ಡಮುನಿಯಮ್ಮನಿಗೆ ಹಿಡಿಸಿತು. ಬಿಡುವುದು ಅಂದರೆ ಸೋತ ಹಾಗೆ. ರಜ ಕೊಡುವುದು ಅಂದರೆ ತಾನೇ ಯಜಮಾನಿ. ಅವತ್ತೇ ಗಂಗಮ್ಮನ ಗುಡಿಗೆ ಹೋಗಿ ಕಾಯಿ ಒಡೆದು, ದೇವಿಯ ಮುಖಕ್ಕೆ ಮುಖ ಕೊಟ್ಟು ನಿಂತು, "ತಾಯೀ, ಮಗು ಬರೋವರೆಗೆ ಮಾತ್ರ. ಆಮೇಲಿಂದು ನಾವಿಬ್ಬರೂ ಆಮೇಲೆ ಮಾತಾಡ್ಕೊಳ್ಳೋಣ," ಎಂದು ಕರಾರು ಮಾಡಿಕೊಂಡು ಬಂದಳು.

ಹೆಂಡವೇನೋ ರಜದ ಮೇಲೆ ಹೋಯಿತು, ಆದರೆ ಅವಳ ಮೈಗೆ ಆ ವಿಷಯ ಯಾರೂ ಹೇಳಿರಲಿಲ್ಲ. ಸಂಜೆಯಾಯಿತೆಂದರೆ ಕಾಲು ತಾವಾಗಿಯೇ ಈಚಲುವನದ ಹಾದಿ ಹಿಡಿಯುವವು; ಅರ್ಧ ದಾರಿಗೆ ಹೋಗಿ ತನ್ನ ಕಾಲಿಗೆ ತಾನೇ ಬೈದುಕೊಂಡು ವಾಪಸು ಬರುವಳು. ಹಾಸಿಗೆಗೆ ಬಿದ್ದರೆ ನಿದ್ದೆ ಹತ್ತಿರ ಸುಳಿಯದು. ಬೆವರು, ಬಾಯಾರಿಕೆ, ಕೈ ನಡುಕ. ಕೋಳಿ ಕೂಗಿದ್ದಕ್ಕೆ ಕೋಳಿಯ ಮೇಲೆ ಸಿಟ್ಟು, ಕೂಗದಿದ್ದರೆ ಅದಕ್ಕೂ ಸಿಟ್ಟು. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿ, ಸಾರು ಉಪ್ಪಾಯಿತೆಂದು ಮಗಳಿಗೇ ಬೈದಳು. ಶಾಮಲಮ್ಮ ಆ ಸಾರಿನಲ್ಲೇ ಮುದ್ದೆ ಅದ್ದಿ ನುಂಗಿದಳು. ಅದನ್ನು ನೋಡಿದ ದೊಡ್ಡಮುನಿಯಮ್ಮ ಹಿತ್ತಲಿಗೆ ಹೋಗಿ ಸೌದೆ ಒಡೆಯುವ ನೆಪದಲ್ಲಿ ಅತ್ತುಬಂದಳು.

ಆ ಹೊತ್ತಿಗೆ ಬಂದವಳು ಬಷೀರಾ. ಬಷೀರಾ ಬಳೆಗಾರ್ತಿ. ಪೇಟೆಯ ಮಸೀದಿಯ ಹಿಂದೆ ಅವಳ ಮನೆ. ಬಳೆ ಮಲಾರ ಹೊತ್ತು ಊರೂರು ತಿರುಗುವವಳಿಗೆ ಯಾವ ಮನೆಯಲ್ಲಿ ಯಾರು ಬಸುರಿ ಎಂಬುದು ದೊಡ್ಡಮುನಿಯಮ್ಮನಿಗಿಂತ ಮೊದಲೇ ತಿಳಿಯುತ್ತಿತ್ತು. ಹಾಗಾಗಿ ಇಬ್ಬರಿಗೂ ಹಳೆಯ ಗೆಳೆತನ, ಹಳೆಯ ಜಗಳ. ಬಷೀರಾಳ ತಂದೆ ಮುಳಬಾಗಿಲಿನಲ್ಲಿ ಹಕೀಮರಾಗಿದ್ದವರು; ಅವರು ಹೇಳಿಕೊಟ್ಟದ್ದರಲ್ಲಿ ಒಂದಷ್ಟು ಅವಳಿಗೆ ನೆನಪಿತ್ತು, ಒಂದಷ್ಟನ್ನು ಅವಳೇ ಸೇರಿಸಿಕೊಂಡಿದ್ದಳು.

ಅವಳು ದೊಡ್ಡಮುನಿಯಮ್ಮನ ಮುಖ ನೋಡಿ ಮಲಾರ ಕೆಳಗಿಟ್ಟಳು. "ಅರೆ ಅಲ್ಲಾ! ಅಕ್ಕಾ, ಏನು ಇದು ನಿಂದು ಅವತಾರ? ಒಂದೇ ಏಟಿಗೆ ನಿಲ್ಲಿಸಿಬಿಟ್ಟೆಯಾ? ಓಡೋ ಕುದುರೆ ಹಗ್ಗ ಹಂಗೆ ಎಳೀತಾರಾ ಯಾರಾದ್ರೂ? ಏಳು, ನನ್ನ ಜೊತೆ ಬಾ."

ಕರೆದುಕೊಂಡು ಹೋದದ್ದು ಚನ್ನರಾಯಪ್ಪನವರ ತೋಪಿನ ಕೊನೆಗೆ. ಅಲ್ಲಿ ಸಿಡಿಲು ಬಡಿದು ಒಣಗಿದ ಒಂದು ಹಳೆಯ ಮಾವಿನ ಮರ. ಅದರ ಬುಡದಲ್ಲಿ, ಬೇರಿಗೆ ಅಂಟಿಕೊಂಡು, ಮರದ ಹಲಗೆಯಷ್ಟೇ ಗಟ್ಟಿಯಾದ ಅಣಬೆ ಬೆಳೆದಿತ್ತು. ಮೇಲೆಲ್ಲ ಅರಗು ಬಳಿದ ಹಾಗೆ ಕೆಂಪು ಹೊಳಪು, ಅಂಚಿಗೆ ಹಳದಿ.

"ಇದಾ? ಇದು ಬಾಗಿಲಿಗೆ ಹಾಕೋ ಹಲಗೆ ಕಣೇ, ಅಣಬೆಯಲ್ಲ," ಅಂದಳು ದೊಡ್ಡಮುನಿಯಮ್ಮ.

"ಅಬ್ಬಾಜಾನ್ ಇದಕ್ಕೆ 'ಝಾಡ್ ಕಾ ಕಲೇಜ' ಅಂತಿದ್ದರು. ಮರದ್ದು ಈಲಿ. ನಿದ್ದೆ ಇಲ್ಲದವರಿಗೆ, ಕುಡಿದು ಕುಡಿದು ಈಲಿ ಕೆಟ್ಟವರಿಗೆ ಕೊಡ್ತಿದ್ದರು."

"ಹೆಂಡ ಬಿಡಿಸುತ್ತಾ?"

"ನಕ್ಕೋ ಅಕ್ಕಾ, ಹಂಗೆಲ್ಲ ಅಂದ್ಕೋಬೇಡ. ಬಿಡೋಳು ನೀನು. ಇದು ಊರುಗೋಲು ಇದ್ದಂಗೆ, ನಡೆಯೋದು ನಿನ್ನ ಕಾಲೇ. ನಿಜಕ್ಕೂ ಕೆಲಸ ಮಾಡ್ತದೋ ಇಲ್ಲವೋ ಅಲ್ಲಾಗೆ ಗೊತ್ತು. ಕಹಿ ಮಾತ್ರ ಗ್ಯಾರಂಟಿ."

ಅದನ್ನು ಮಚ್ಚಿನಲ್ಲಿ ಕಡಿದು, ಬಿಸಿಲಿಗೆ ಒಣಗಿಸಿ, ಚೂರು ಮಾಡಿ, ಮಣ್ಣಿನ ಮಡಕೆಯಲ್ಲಿ ಮೂರು ಪಾಲು ನೀರು ಒಂದು ಪಾಲಾಗುವ ತನಕ ಕುದಿಸಿದರು. ಇಳಿದದ್ದು ಕಾಫಿ ಬಣ್ಣದ ಕಷಾಯ. ದೊಡ್ಡಮುನಿಯಮ್ಮ ಹೆಂಡ ಏರಿಸುವ ಅಭ್ಯಾಸದಲ್ಲಿ ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡಳು. ಅವಳ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಕಣ್ಣಲ್ಲಿ ನೀರು. ಬಹಳ ಹೊತ್ತಿನ ಮೇಲೆ, "ನಿಮ್ಮಪ್ಪ ಎಷ್ಟು ಜನರನ್ನ ಕೊಂದಿದ್ದಾನೇ?" ಎಂದು ಕೇಳಿದಳು. ಒಳಗಿನಿಂದ ಶಾಮಲಮ್ಮ ನಕ್ಕ ಸದ್ದು ಕೇಳಿಸಿತು. ಅವಳು ತವರಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಅದಕ್ಕೋಸ್ಕರ ಮರುದಿನವೂ ಕುಡಿಯಬಹುದು ಅನ್ನಿಸಿತು ದೊಡ್ಡಮುನಿಯಮ್ಮನಿಗೆ.

ಕಷಾಯದ ಗುಣವೋ, ಮಗಳು ಮನೆಯಲ್ಲಿದ್ದ ಗುಣವೋ, ಇಲ್ಲವೆ ಮೈಯೇ ಸೋತು ದಾರಿಗೆ ಬಂತೋ, ನಿದ್ದೆ ಮೆಲ್ಲಗೆ ವಾಪಸಾಯಿತು. ಬೆವರು ನಿಂತಿತು. ಕೋಳಿಗಳು ಮತ್ತೆ ಅವಳ ಹತ್ತಿರ ಬರಲು ಶುರುಮಾಡಿದವು.

ಶ್ರಾವಣದ ಗುಡುಗು ಮಳೆಗೆ ಹುತ್ತಗಳ ಸುತ್ತ ಬಿಳಿ ಅಣಬೆ ಎದ್ದಿತು. ಶಾಮಲಮ್ಮನಿಗೆ ಅಣಬೆ ಸಾರಿನ ಬಯಕೆ. ದೊಡ್ಡಮುನಿಯಮ್ಮ, ಬಷೀರಾ ಇಬ್ಬರೂ ನಸುಕಿಗೇ ಬುಟ್ಟಿ ಹಿಡಿದು ತೋಪಿಗೆ ಹೊರಟರು. ಅಣಬೆ ಕಂಡಾಗ ಬೆರಳು ತೋರಿಸಬಾರದು, ಕೂಗಬಾರದು, ಕೂಗಿದರೆ ಮುಂದಿನ ವರ್ಷ ಅಲ್ಲಿ ಏಳುವುದಿಲ್ಲ ಎಂದು ಆ ಕಡೆ ನಂಬಿಕೆ. ಈ ಇಬ್ಬರು ಹೆಂಗಸರಿಗೆ ಬಾಯಿ ಮುಚ್ಚಿಕೊಂಡು ಇರುವುದು ಹೆಂಡ ಬಿಡುವುದಕ್ಕಿಂತ ಕಷ್ಟ. ಮೊದಲ ಹುತ್ತದಲ್ಲೇ, "ಅಗೋ ನೋಡೇ!" ಎಂದು ದೊಡ್ಡಮುನಿಯಮ್ಮ ಕೂಗಿದಳು. "ಕೂಗಬೇಡ ಅಂತ ಹೇಳಿದ್ದು ನೀನೇ ಅಲ್ವಾ!" ಎಂದು ಬಷೀರಾ ಅದಕ್ಕಿಂತ ಜೋರಾಗಿ ಕೂಗಿದಳು. ಬುಟ್ಟಿ ತುಂಬಿದ ಮೇಲೆ ಬಷೀರಾ ಒಂದೊಂದನ್ನೂ ತಿರುವಿ, ಮೂಸಿ, ಅನುಮಾನ ಬಂದದ್ದನ್ನೆಲ್ಲ ದೂರ ಬಿಸಾಡಿದಳು. "ಕೊಡೆ ಹಿಡಿದವರೆಲ್ಲ ದೊಡ್ಡ ಮನುಷ್ಯರಲ್ಲ," ಅನ್ನುವುದು ಅವಳ ಮಾತು. ಧನಿಯ, ಮೆಣಸು, ಕೊಬ್ಬರಿ ಹುರಿದು ರುಬ್ಬಿ ಮಾಡಿದ ಸಾರಿಗೆ ಅವತ್ತು ಶಾಮಲಮ್ಮ ಎರಡು ಮುದ್ದೆ ಉಂಡಳು. ದೊಡ್ಡಮುನಿಯಮ್ಮನೂ ಉಂಡಳು. ಹೆಂಡವಿಲ್ಲದೆ ನಾಲಿಗೆಗೆ ಸಾರಿನ ರುಚಿ ಇಷ್ಟು ತಿಳಿಯುತ್ತದೆಂದು ಅವಳಿಗೆ ಮರೆತೇಹೋಗಿತ್ತು.

ಇತ್ತ ಈಚಲುವನದಲ್ಲಿ ಚಪ್ಪಡಿ ಕಲ್ಲು ಖಾಲಿ ಬಿದ್ದಿತ್ತು. ದೊಡ್ಡಮುನಿಯಮ್ಮ ಇಲ್ಲದ ಮೇಲೆ ಹಾಡಿಲ್ಲ, ಗುಟ್ಟಿಲ್ಲ. ಬಂದವರು ಕುಡಿದು, ಸುಮ್ಮನೆ ಎದ್ದು ಮನೆಗೆ ಹೋಗುತ್ತಿದ್ದರು. ಗಂಗುಲಪ್ಪನಿಗೆ ಕಳವಳವಾಯಿತು. ಮನೆಯವರೆಗೂ ಬಂದು, "ಅಕ್ಕಯ್ಯಾ, ನನ್ನ ಮೇಲೇನಾದ್ರೂ ಕೋಪವಾ? ನೀರು ಬೆರೆಸ್ತಿದ್ದೆ, ತಪ್ಪಾಯ್ತು," ಅಂದ. ಅವಳಿಗೆ ನೀರು ಬೆರೆಸಿದ್ದು ಗೊತ್ತೇ ಇರಲಿಲ್ಲ. ಆ ಬಗ್ಗೆ ಅವನಿಗೆ ಸಾಕಷ್ಟು ಬೈದು, ರಜದ ವಿಷಯ ಮಾತ್ರ ಹೇಳಲಿಲ್ಲ. ಊರಿಗೆ ಇನ್ನೊಂದು ನಗೆ ಯಾಕೆ ಎಂದುಕೊಂಡಳು. ಆದರೆ ಗಂಗುಲಪ್ಪ ಒಲೆಯ ಮೇಲಿನ ಮಡಕೆಯನ್ನೂ ಅದರಲ್ಲಿ ಕುದಿಯುತ್ತಿದ್ದ ಕರಿ ನೀರನ್ನೂ ನೋಡಿಕೊಂಡು ಹೋದ.

ಅಷ್ಟು ಸಾಕಾಯಿತು. ದೊಡ್ಡಮುನಿಯಮ್ಮ ಹೆಂಡ ಬಿಟ್ಟಿದ್ದಾಳೆಂದರೆ ಅದಕ್ಕಿಂತ ದೊಡ್ಡದೇನೋ ಸಿಕ್ಕಿರಬೇಕು ಎಂದು ಆಂಜಿನಪ್ಪ ತರ್ಕ ಮಾಡಿದ. ಬಷೀರಾಳ ಅಪ್ಪ ಹಕೀಮರು, ಅವರ ಹತ್ತಿರ ನವಾಬರ ಕಾಲದ ಮದ್ದೊಂದು ಇತ್ತಂತೆ. ಒಂದು ಬಟ್ಟಲು ಸಾಕಂತೆ. ತೋಪಿನಲ್ಲಿ ಇಬ್ಬರೂ ಬೆಳಗಾಗುವ ಮೊದಲೇ ಕಿರುಚಾಡುತ್ತಿದ್ದದ್ದನ್ನು ತೋಪು ಕಾಯುವವನು ಕೇಳಿದ್ದನಂತೆ. ಸಂತೆಯಿಂದ ಸಂತೆಗೆ ಆ ಮದ್ದು ಇನ್ನಷ್ಟು ಏರಿತು.

ಒಂದು ಸಂಜೆ ದೊಡ್ಡಮುನಿಯಮ್ಮ ಜಗಲಿಯ ಮೇಲೆ ಕೂತು ಕುಲಾವಿಗೆ ಹೊಲಿಗೆ ಹಾಕುತ್ತಿದ್ದಳು. ಆಂಜಿನಪ್ಪ ಒಂದು ಗುಂಪು ಗಂಡಸರನ್ನು ಕಟ್ಟಿಕೊಂಡು ಬಂದು ನಿಂತ. ಅವರ ನಡುವೆ ಗಂಗುಲಪ್ಪನೂ ಇದ್ದ.

"ಏನಪ್ಪಾ ಎಲ್ಲಾರೂ? ಯಾರಿಗೆ ನೋವು ಬಂತು?"

"ಯಾರಿಗೂ ಇಲ್ಲಮ್ಮೋ." ಆಂಜಿನಪ್ಪ ತಲೆ ಕೆರೆದುಕೊಂಡ. "ಅದೇ, ನೀನು ಕುಡಿಯೋದು. ಅದರಲ್ಲಿ ನಮಗೂ ಒಂದೊಂದು ತೊಟ್ಟು…"

ದೊಡ್ಡಮುನಿಯಮ್ಮನಿಗೆ ಕೂಡಲೇ ಅರ್ಥವಾಯಿತು. ಬಾಗಿಲಲ್ಲಿ ನಿಂತ ಮಗಳ ಕಡೆ ನೋಡಿದಳು. ಶಾಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ಕೊಡ್ತೀನಿ. ಆದ್ರೆ ಹುಷಾರು. ಇದು ಮೊದಲ ಸಲ ಎಲ್ಲಾರಿಗೂ ಏರಲ್ಲ. ಗಟ್ಟಿ ಗಂಡಸರಿಗೆ ಮಾತ್ರ."

ಎಲ್ಲರೂ ಗಟ್ಟಿ ಗಂಡಸರೇ. ಸಾಲಾಗಿ ಕೂತರು. ಅವಳು ಮಡಕೆ ತಂದು ಒಬ್ಬೊಬ್ಬರ ಬಟ್ಟಲಿಗೂ ಸುರಿದಳು. ಕುಡಿದವರ ಮುಖಗಳು ಒಂದಾದ ಮೇಲೊಂದು ಕಿವುಚಿಕೊಂಡವು. ಯಾರೂ ಉಗುಳಲಿಲ್ಲ. ಆಂಜಿನಪ್ಪ ಕಣ್ಣು ಮುಚ್ಚಿ, ಕುತ್ತಿಗೆಯನ್ನು ಒಂದು ಸುತ್ತು ತಿರುಗಿಸಿ, "ಏರ್ತಾ ಅದೆ," ಅಂದ.

ಅಲ್ಲಿಂದ ಮುಂದೆ ತಮಗೆ ಏರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿತ್ತು? ಒಬ್ಬ ತೂಗಾಡಿದ. ಇನ್ನೊಬ್ಬ ಅಳಲು ಶುರುಮಾಡಿದ. ಮತ್ತೊಬ್ಬ ಎದ್ದು ನಿಂತು, ಆಧಾರಕ್ಕೆ ಎಂಬಂತೆ ಬೇವಿನ ಮರ ಹಿಡಿದುಕೊಂಡ. ಆ ಮರದ ಹಿಂದಿನಿಂದ ಮುಸುಕು ಹೊದ್ದ ಇನ್ನೊಂದು ಆಕೃತಿ ಈಚೆ ಬಂದು, ಗಂಟಲು ಸರಿಮಾಡಿಕೊಂಡು, "ನನಗೂ ಸ್ವಲ್ಪ ಹಾಕಮ್ಮಾ. ಕೈಕಾಲು ನೋವು," ಎಂದಿತು. ಚನ್ನರಾಯಪ್ಪನವರು! ತೂಗಾಡುತ್ತಿದ್ದವರೆಲ್ಲ ದಡಕ್ಕನೆ ನೆಟ್ಟಗೆ ನಿಂತರು. ಮತ್ತೆ ನೆನಪಾಗಿ ಸ್ವಲ್ಪ ಸ್ವಲ್ಪವಾಗಿ ವಾಲಿದರು.

ಚನ್ನರಾಯಪ್ಪನವರು ಬಟ್ಟಲು ಬರಿದು ಮಾಡಿದರು. ಅವರ ಮೀಸೆ ನಡುಗಿತು. "ಇದು… ಇದು ಅಣಬೆ ಕಷಾಯ ಅಲ್ವೇನೇ? ನಮ್ಮಜ್ಜಿ ಕುಡಿಸ್ತಿದ್ದಳು. ಹೊಟ್ಟೆ ಜಂತುಹುಳಕ್ಕೆ!"

ಎಲ್ಲರ ಅಮಲೂ ಒಂದೇ ಸಲಕ್ಕೆ ಇಳಿಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮುನಿಯಮ್ಮ ಜಗಲಿಯ ಕಂಬ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವ ಹಾಗೆ, ಒಂದು ತೊಟ್ಟೂ ಹೆಂಡವಿಲ್ಲದೆ ನಕ್ಕಳು. ಕೊನೆಗೆ ಚನ್ನರಾಯಪ್ಪನವರಿಗೂ ನಗು ತಡೆಯಲಾಗಲಿಲ್ಲ. "ಆಯ್ತು ಕಣಮ್ಮ. ನಾನು ಸಕ್ಕರೆ ಹಂಚಿದ್ದಕ್ಕೂ ನೀನು ಕಹಿ ಹಂಚಿದ್ದಕ್ಕೂ ಸರಿಹೋಯ್ತು," ಎಂದು ಶಲ್ಯ ಕೊಡವಿಕೊಂಡು ಹೊರಟರು. ರಜದ ವಿಷಯವನ್ನು ಅವಳು ಅವತ್ತು ಎಲ್ಲರ ಮುಂದೆಯೇ ಹೇಳಿದಳು. ಯಾರೂ ನಗಲಿಲ್ಲ.

ಆ ಗುಂಪಿನಲ್ಲಿ ನಿಜವಾಗಿ ಏನಾದರೂ ಆದದ್ದು ಗಂಗುಲಪ್ಪನಿಗೆ ಮಾತ್ರ. ಕಷಾಯವೆಂದು ಗೊತ್ತಾಗುವ ಮೊದಲೇ ಎರಡು ಬಟ್ಟಲು ಇಳಿಸಿದ್ದ. ಮನೆಗೆ ಹೋಗಿ ಮಲಗಿದವನು ಹೊತ್ತು ನೆತ್ತಿಗೇರಿದರೂ ಏಳಲಿಲ್ಲ. ಈಚಲು ಮರಗಳಿಗೆ ಕಟ್ಟಿದ್ದ ಗಡಿಗೆಗಳು ತುಂಬಿ ಸೋರಿ, ವನವೆಲ್ಲ ಜೇನುನೊಣ, ಇರುವೆ. "ನನ್ನ ಹೆಂಡ ಕುಡಿದು ಯಾವತ್ತೂ ಹಿಂಗೆ ಮಲಗಿರಲಿಲ್ಲ ಅಕ್ಕಯ್ಯ," ಎಂದು ಅವನೇ ಬಂದು ಒಪ್ಪಿಕೊಂಡ.

ಆಶ್ವಯುಜದ ಒಂದು ಬೆಳಿಗ್ಗೆ, ಅಂಗಳಕ್ಕೆ ನೀರು ಹಾಕುತ್ತಿದ್ದ ಶಾಮಲಮ್ಮ ಚೆಂಬು ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. ದೊಡ್ಡಮುನಿಯಮ್ಮ ಬಿಸಿನೀರಿಗೆ ಇಟ್ಟಳು, ಹಳೆ ಸೀರೆ ಹರಿದಿಟ್ಟಳು, ಕೈ ತೊಳೆದಳು. ತೊಳೆದ ಕೈ ನೋಡಿಕೊಂಡಳು. ನಡುಗುತ್ತಿತ್ತು.

ಇಷ್ಟು ದಿನ ಅದು ನಿಂತಿತ್ತು. ಬಷೀರಾಳನ್ನು ಕರೆಸಿ, ಹಿತ್ತಲಿಗೆ ಎಳೆದುಕೊಂಡು ಹೋಗಿ, ಕೈ ತೋರಿಸಿದಳು.

"ಬಷೀರಾ, ಇದು ಹೆಂಡದ ನಡುಕ ಅಲ್ಲ ಕಣೇ. ಹೆದರಿಕೆ. ನಾನು ಹೆರಿಗೆಗೆ ಯಾವತ್ತೂ ಹೆದರಿದವಳಲ್ಲ."

ಬಷೀರಾ ಆ ಕೈಗಳನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡಳು. "ನೀನು ಹೆದರ್ತಿದ್ದೆ ಅಕ್ಕಾ. ಮೊದಲೇ ಒಂದು ಕುಡಿಕೆ ಹಾಕ್ಕೊಂಡು ಹೋಗ್ತಿದ್ದೆ, ನಿಂಗೆ ಗೊತ್ತಾಗ್ತಿರಲಿಲ್ಲ."

ದೊಡ್ಡಮುನಿಯಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಳು. ಅವಳಿಗೆ ಇನ್ನೂ ಚಿಕ್ಕ ವಯಸ್ಸಿದ್ದಾಗ, ವೇಮಗಲ್ ಕಡೆಯ ಒಂದು ಹಳ್ಳಿಯಲ್ಲಿ, ಅವಳ ಕೈಯಲ್ಲೇ ಒಬ್ಬ ಹುಡುಗಿ ತಣ್ಣಗಾಗಿದ್ದಳು. ಮಗು ಉಳಿದಿತ್ತು. ಅವತ್ತು ವಾಪಸು ಬರುವಾಗ ದಾರಿಯಲ್ಲಿ ಸಿಕ್ಕಿದ ಅಂಗಡಿಯಲ್ಲಿ ಮೊದಲ ಕುಡಿಕೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೂರನೆಯ ಕುಡಿಕೆಯಲ್ಲೂ ಬಾರದ ಗುಟ್ಟು ಅದೊಂದೇ. ಈಗ ಬಷೀರಾಳಿಗೆ ನಾಲ್ಕು ಮಾತಲ್ಲಿ ಹೇಳಿದಳು. ಬಷೀರಾ, "ಗೊತ್ತು," ಅಂದಳು. "ಆ ಮಗೂಗೆ ಮದುವೆ ಬಳೆ ತೊಡಿಸಿದ್ದು ನಾನೇ. ಮೂರು ಮಕ್ಕಳ ತಾಯಿ ಈಗ. ನಿನ್ನ ಥರಾನೇ ಜಗಳಗಂಟಿ."

ಒಳಗಿನಿಂದ ಶಾಮಲಮ್ಮ, "ಅಮ್ಮಾ!" ಎಂದು ಕೂಗಿದಳು. ದೊಡ್ಡಮುನಿಯಮ್ಮ ಎದ್ದಳು. ಈ ಸಲ ಹೊಸಿಲಲ್ಲಿ ಕೂಗಲಿಲ್ಲ. ಹೋಗಿ ಮಗಳ ಬೆನ್ನಿಗೆ ಕೂತು ಸೊಂಟ ಒತ್ತಿದಳು. ಶಾಮಲಮ್ಮ ತಲೆ ಹಿಂದಕ್ಕೆ ವಾಲಿಸಿ ಅಮ್ಮನ ಕುತ್ತಿಗೆಯ ಹತ್ತಿರ ಉಸಿರೆಳೆದುಕೊಂಡಳು. "ನಿನ್ನ ವಾಸನೆ ಹಿಂಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಅಂದಳು. ಅಷ್ಟರಲ್ಲಿ ಮತ್ತೆ ನೋವು ಬಂತು. ಅಷ್ಟರಲ್ಲೇ ದೊಡ್ಡಮುನಿಯಮ್ಮನ ಕೈಗೆ ತನ್ನ ಕೆಲಸ ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ಮಗು ಬಂತು. ಹೆಣ್ಣು. ಹಾಗೆಂದು ಅವಳು ಸಾರುವ ಮೊದಲು ಬಷೀರಾ, "ನಾನೂ ಒಂದು ಸಲ ನೋಡ್ತೀನಿ ತಾಳು," ಅಂದದ್ದಕ್ಕೆ ಹೆತ್ತವಳು, ಹೆರಿಸಿದವಳು, ಬಳೆಗಾರ್ತಿ ಮೂವರೂ ನಕ್ಕರು. ಮಗುವಿಗೆ ಬೈರಮ್ಮ ಎಂದು ಶಾಮಲಮ್ಮನ ಅತ್ತೆಯ ಹೆಸರಿಟ್ಟರು.

ನಾಮಕರಣದ ಸಂಜೆ ಗಂಗುಲಪ್ಪ ಒಂದು ಗಡಿಗೆ ಹೊಸ ಹೆಂಡವನ್ನು, ನೀರು ಬೆರೆಸದೆ, ತಾನೇ ಹೊತ್ತು ತಂದ. ರಜ ಮುಗಿದಿತ್ತು. ದೊಡ್ಡಮುನಿಯಮ್ಮ ಗಡಿಗೆಯ ಕಡೆ ನೋಡಿದಳು, ತೊಟ್ಟಿಲ ಕಡೆ ನೋಡಿದಳು. ಮಗಳು ಬೇಕೆಂದೇ ಬೇರೆ ಕಡೆ ತಿರುಗಿಕೊಂಡಳು. "ಸುಗಟೂರಿನ ಹುಡುಗಿಗೆ ದಿನ ತುಂಬಿದೆ ಕಣಪ್ಪಾ," ಅಂದಳು ದೊಡ್ಡಮುನಿಯಮ್ಮ. "ಅಷ್ಟು ದೂರ ನಡೆದು ಹೋಗಬೇಕು. ಅದೊಂದು ಆಗಲಿ, ಆಮೇಲೆ." ಗಡಿಗೆಯನ್ನು ಬಂದವರು ಹಂಚಿಕೊಂಡರು.

ಸುಗಟೂರಿನದು ಮುಗಿಯುವಷ್ಟರಲ್ಲಿ ಪೇಟೆಯಲ್ಲೇ ಇನ್ನೊಬ್ಬಳಿಗೆ ದಿನ ತುಂಬಿತು. ಅವಳದು ಮುಗಿದರೆ ಮತ್ತೊಬ್ಬಳು. ತನ್ನ ಸುತ್ತಿನ ಊರುಗಳಲ್ಲಿ ದಿನ ತುಂಬಿದವರು ಯಾರಾದರೂ ಇರುವ ತನಕ ಹೆಂಡ ಮುಟ್ಟುವುದಿಲ್ಲ ಎಂದು ಅವಳು ಒಂದು ಕಟ್ಟಳೆ ಮಾಡಿಕೊಂಡಳು. ಹೆಂಗಸರು ಹೆರುವುದನ್ನು ನಿಲ್ಲಿಸಿದ ಊರು ಯಾವುದಿದೆ? ಹೀಗೆ ಯುದ್ಧ ಬಂತು, ರೇಷನ್ನು ಬಂತು, ಸೀಮೆಎಣ್ಣೆಗೆ ಸಾಲು ನಿಲ್ಲುವುದು ಬಂತು. ಹೆರಿಗೆಗಳೂ ಬರುತ್ತಲೇ ಇದ್ದವು.

ನಲವತ್ತನಾಲ್ಕರ ಚಳಿಗಾಲದಲ್ಲಿ ಬಷೀರಾ ಊರೂರು ಸ್ವತಃ ತಿರುಗಿ ಬಂದು ಸುದ್ದಿ ಹೇಳಿದಳು: ದಿನ ತುಂಬಿದವರು ಯಾರೂ ಇಲ್ಲ. ಒಬ್ಬಳಿದ್ದಾಳೆ, ಅವಳಿಗಿನ್ನೂ ಐದು ತಿಂಗಳು. ದೊಡ್ಡಮುನಿಯಮ್ಮ ನಂಬದೆ ಮತ್ತೊಮ್ಮೆ ಕೇಳಿದಳು. ಆಮೇಲೆ ಪೆಟ್ಟಿಗೆಯಿಂದ ಕೆಂಪು ಅಂಚಿನ ಸೀರೆ ತೆಗೆದು ಉಟ್ಟು, ತಲೆ ಬಾಚಿಕೊಂಡು, ಬಷೀರಾಳನ್ನೂ ಕರೆದುಕೊಂಡು ಈಚಲುವನಕ್ಕೆ ಹೊರಟಳು. ಬಷೀರಾ ಹುರಿಗಡಲೆ ಕಟ್ಟಿಕೊಂಡಿದ್ದಳು. ಅವಳಿಗೆ ಅಷ್ಟೇ ಸಾಕು.

ಗಂಗುಲಪ್ಪ ಚಪ್ಪಡಿ ಕಲ್ಲನ್ನು ತನ್ನ ಪಂಚೆಯ ಅಂಚಿನಿಂದ ಒರೆಸಿದ. ದೊಡ್ಡಮುನಿಯಮ್ಮ ಕುಡಿಕೆ ಹಿಡಿದುಕೊಂಡು ಕೂತು ದಾರಿಯ ಕಡೆಯೇ ನೋಡುತ್ತಿದ್ದಳು, ಯಾರಾದರೂ ಓಡಿಬರುತ್ತಾರೆಂದು. ಕುರಿ ಮಂದೆಯೊಂದು ಹೋಯಿತು. ಕೋಲಾರದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಯಾರೂ ಬರಲಿಲ್ಲ. ಅವಳು ಕುಡಿಕೆ ಎತ್ತಿ ನಿಧಾನಕ್ಕೆ ಕುಡಿದಳು.

"ಹೆಂಗದೆ ಅಕ್ಕಯ್ಯಾ?"

"ಸ್ವಲ್ಪ ಹುಳಿ ಕಣೋ," ಅಂದಳು. "ಇನ್ನೊಂದು ಹಾಕು."

ಎರಡಕ್ಕೇ ಸಾಕೆಂದಳು. ಗಂಟಲು ಸರಿಮಾಡಿಕೊಂಡು ಒಂದು ಸೋಬಾನೆ ಎತ್ತಿಕೊಂಡಳು. ಹಾಡಿನ ನಡುವೆ ಸಾಲು ಮರೆತುಹೋಯಿತು. ಹುರಿಗಡಲೆ ಅಗಿಯುತ್ತಿದ್ದ ಬಷೀರಾ ಆ ಸಾಲನ್ನು ಎತ್ತಿಕೊಟ್ಟಳು.